ಮಳೆಯನ್ನು ಯಾವಾಗ ಬೇಡಬೇಕು?

ಪುಣೆಯ ಕ್ಯಾಂಪ್ ಪ್ರದೇಶದಲ್ಲಿ ಕೆಂಪು ಇಟ್ಟಿಗೆಯ ಎತ್ತರದ ಗೋಪುರವೊಂದಿದೆ. ಮೇಲೆ ಗಡಿಯಾರ, ಚೂಪಾದ ಕಮಾನಿನ ಕಿಟಕಿಗಳು. ಹೊಸಬರು ಅದನ್ನು ಚರ್ಚ್ ಎಂದೇ ತಿಳಿಯುತ್ತಾರೆ. ಆಟೋದವರಿಗೆ ಅದು ‘ಲಾಲ್ ದೇವಳ’. ನಿಜವಾದ ಹೆಸರು ಓಹೆಲ್ ದಾವೀದ್, ಹೀಬ್ರೂವಿನಲ್ಲಿ ‘ದಾವೀದನ ಗುಡಾರ’. ಬಾಗ್ದಾದಿನಿಂದ ಮುಂಬೈಗೆ ಬಂದು ಹತ್ತಿ, ಅಫೀಮು, ಬಟ್ಟೆಯ ವ್ಯಾಪಾರದಲ್ಲಿ ಅಪಾರ ಸಂಪತ್ತು ಗಳಿಸಿದ ಡೇವಿಡ್ ಸಸೂನ್ 1863ರಲ್ಲಿ ಕಟ್ಟಲು ಶುರುಮಾಡಿಸಿದ ಸಿನಗಾಗ್ ಇದು. ಕೆಲಸ ಮುಗಿದದ್ದು 1867ರಲ್ಲಿ. ಅಷ್ಟರೊಳಗೆ, 1864ರಲ್ಲಿ, ಸಸೂನ್ ಪುಣೆಯಲ್ಲೇ ತೀರಿಕೊಂಡಿದ್ದರು. ಅವರ ಗೋರಿ ಸಿನಗಾಗಿನ ಆವರಣದಲ್ಲೇ ಇದೆ.

ಇಲ್ಲಿಂದ ಸ್ವಲ್ಪ ದೂರದ ರಾಸ್ತಾ ಪೇಟೆಯಲ್ಲಿ ಇನ್ನೊಂದು ಸಿನಗಾಗ್ ಇದೆ. 1921ರದು, ಚಿಕ್ಕದು, ಹುಡುಕಿಕೊಂಡು ಹೋಗಬೇಕು. ಅದರ ಹೆಸರು ಸುಕ್ಕತ್ ಶೆಲೋಮೋ, ‘ಸೊಲೊಮೋನನ ಚಪ್ಪರ’. ಒಂದು ಗುಡಾರ, ಒಂದು ಚಪ್ಪರ. ಮೊದಲನೆಯದು ಅರಬಿ ಮಾತಾಡುತ್ತಿದ್ದ ಶ್ರೀಮಂತ ಬಾಗ್ದಾದಿಗಳದು. ಎರಡನೆಯದು ಮರಾಠಿ ಮಾತಾಡುವ ಬೆನೆ ಇಸ್ರೇಲರದು: ಸಿಪಾಯಿಗಳು, ಗುಮಾಸ್ತರು, ಶಿಕ್ಷಕರು, ರೈಲ್ವೆ ನೌಕರರು. ಎರಡೂ ಕಡೆ ಓದುವ ತೋರಾ ಒಂದೇ. ಆದರೆ ಅದನ್ನು ದಿನದ ಬದುಕಿಗೆ ಹೊಂದಿಸುವುದು ಹೇಗೆಂದು ಹೇಳುವವರು ಬೇರೆ ಬೇರೆ. ಬಾಗ್ದಾದಿಗಳಿಗೆ ಸಂದೇಹ ಬಂದರೆ ಬಾಗ್ದಾದಿನ ರಬ್ಬಿಗಳಿಗೆ ಕಾಗದ ಬರೆಯುತ್ತಿದ್ದರು. ಬೆನೆ ಇಸ್ರೇಲರು ಬರೆಯುವುದಾದರೂ ಯಾರಿಗೆ? ಅವರಲ್ಲಿ ರಬ್ಬಿಗಳೇ ಇರಲಿಲ್ಲ.

ಇದು ಸಣ್ಣ ಸಂಗತಿಯಲ್ಲ. ಯೆಹೂದಿ ಧರ್ಮವೆಂದರೆ ಬಹುಪಾಲು ಆಚರಣೆಯ ಧರ್ಮ. ಏನು ತಿನ್ನಬೇಕು, ಯಾವ ಹೊತ್ತಿಗೆ ದೀಪ ಹಚ್ಚಬೇಕು, ಯಾವ ಹಣ್ಣಿಗೆ ಯಾವ ಮಂತ್ರ, ಹೆಣ್ಣಿಗೆ ವಿಚ್ಛೇದನ ಯಾವಾಗ ಸಿಂಧು ಎಂದು ಪ್ರತಿಯೊಂದಕ್ಕೂ ನಿಯಮವಿದೆ. ಪ್ರತಿ ನಿಯಮಕ್ಕೂ ಹೊಸ ಊರಿನಲ್ಲಿ ಹೊಸ ಸಂದೇಹ ಹುಟ್ಟುತ್ತದೆ. ಎರಡು ಸಾವಿರ ವರ್ಷಗಳ ಯೆಹೂದಿ ಸಾಹಿತ್ಯದ ದೊಡ್ಡ ಭಾಗ ಇಂಥ ಪ್ರಶ್ನೆ ಮತ್ತು ಉತ್ತರಗಳೇ. ನಮ್ಮ ಮಠಗಳಿಗೆ ಜನ ಹೋಗಿ “ಸೂತಕ ಎಷ್ಟು ದಿನ ಸ್ವಾಮಿ?” ಎಂದು ಕೇಳುವ ಹಾಗೆ.

ಮಳೆಯನ್ನೇ ನೋಡಿ. ಯೆಹೂದಿಗಳ ದಿನದ ಪ್ರಾರ್ಥನೆಯಲ್ಲಿ ಇಬ್ಬನಿ ಮತ್ತು ಮಳೆಯನ್ನು ಕೊಡು ಎಂದು ಬೇಡುವ ಮಾತು ವರ್ಷದ ಒಂದು ಅವಧಿಯಲ್ಲಿ ಮಾತ್ರ ಸೇರುತ್ತದೆ. ಇಸ್ರೇಲಿನಲ್ಲಿ ಅದು ಶರತ್ಕಾಲದಲ್ಲಿ, ಸುಕ್ಕೋತ್ ಹಬ್ಬ ಮುಗಿದು ಎರಡು ವಾರದ ಮೇಲೆ ಶುರು. ಜೆರುಸಲೇಮಿಗೆ ಯಾತ್ರೆ ಬಂದವರು ಯೂಫ್ರೆಟಿಸ್ ದಂಡೆಯ ತಮ್ಮ ಮನೆಗಳನ್ನು ಮುಟ್ಟುವವರೆಗೆ ಮಳೆ ಬರದಿರಲಿ ಎಂಬ ಕಾಳಜಿ ಆ ಎರಡು ವಾರದ ಹಿಂದಿದೆ. ಹೊರನಾಡಿನ ಯೆಹೂದಿಗಳಿಗೆಲ್ಲ ಬಾಬಿಲೋನಿಯದ ಲೆಕ್ಕ. ಅದು ಈಗ ಡಿಸೆಂಬರ್ ಮೊದಲ ವಾರಕ್ಕೆ ಬರುತ್ತದೆ. ಅಲ್ಲಿಂದ ಪಸ್ಕ ಹಬ್ಬದವರೆಗೆ, ಅಂದರೆ ಹೆಚ್ಚುಕಡಿಮೆ ಏಪ್ರಿಲ್‌ವರೆಗೆ ಮಳೆ ಬೇಡಬೇಕು.

ಪುಣೆಯಲ್ಲಿ ಡಿಸೆಂಬರಿನಲ್ಲಿ ಮಳೆ ಬೇಡುವುದೆಂದರೆ! ಹೊಲದಲ್ಲಿ ಹಿಂಗಾರಿ ಜೋಳ ನಿಂತಿರುತ್ತದೆ, ದ್ರಾಕ್ಷಿ ತೋಟದವರು ಮೋಡ ಕಂಡರೆ ಎದೆ ಒಡೆದುಕೊಳ್ಳುತ್ತಾರೆ. ಮಳೆ ಬೇಕಾದದ್ದು ಜೂನಿನಿಂದ ಸೆಪ್ಟೆಂಬರ್. ಆಗ ಪ್ರಾರ್ಥನೆಯ ಪುಸ್ತಕ ಮಳೆಯ ಸುದ್ದಿ ಎತ್ತುವುದಿಲ್ಲ. ಈ ತೊಡಕು ಹಳೆಯದು. ತಾಲ್ಮೂದಿನಲ್ಲಿ ನಿನೆವೆ ಊರಿನವರು ಕೇಳುತ್ತಾರೆ: ನಮಗೆ ಬೇಸಗೆಯಲ್ಲೂ ಮಳೆ ಬೇಕು, ಏನು ಮಾಡೋಣ? ನೀವು ಒಬ್ಬೊಬ್ಬ ವ್ಯಕ್ತಿಯ ಹಾಗೆ, ಸ್ವಂತ ಕೋರಿಕೆಗಳಿಗೆಂದು ಇರುವ ಜಾಗದಲ್ಲಿ ಬೇಡಿಕೊಳ್ಳಿ, ಸಮುದಾಯದ ಮಾತನ್ನು ಬದಲಿಸಬೇಡಿ ಎಂದು ಉತ್ತರ. ಹದಿನಾಲ್ಕನೆಯ ಶತಮಾನದಲ್ಲಿ ಸ್ಪೇನಿನಲ್ಲಿದ್ದ ರಬ್ಬಿ ಆಶೇರ್ ಬೆನ್ ಯೆಹಿಯೇಲ್ ಇದನ್ನು ಒಪ್ಪದೆ, ನಮ್ಮ ದೇಶಕ್ಕೆ ಬಾಬಿಲೋನಿನ ಕ್ಯಾಲೆಂಡರ್ ಯಾಕೆ ಎಂದು ವಾದಿಸಿ ನೋಡಿದರು. ಯಾರೂ ಕೇಳಲಿಲ್ಲ. ಹೀಗಾಗಿ ಇವತ್ತಿಗೂ ಶಾಸ್ತ್ರದ ಪ್ರಕಾರ ಪುಣೆಯ ಯೆಹೂದಿ ಊರಿಗೆ ಬೇಡವಾದ ಮಳೆಯನ್ನು ಎಲ್ಲರೊಡನೆ ಬೇಡಬೇಕು, ಬೇಕಾದ ಮಳೆಯನ್ನು ತಾನೊಬ್ಬನೇ ಬೇಡಿಕೊಳ್ಳಬಹುದು. ನನಗೆ ಇದರಲ್ಲಿ ತಮಾಷೆಗಿಂತ ಹೆಚ್ಚಾಗಿ ಒಂದು ಬಗೆಯ ಹಟ ಕಾಣುತ್ತದೆ: ಎಲ್ಲಿದ್ದರೂ ಎಲ್ಲರ ಬಾಯಲ್ಲೂ ಒಂದೇ ಮಾತಿರಲಿ ಎಂಬ ಹಟ.

ಬೆನೆ ಇಸ್ರೇಲರ ವಿಷಯ ಬೇರೆ. ಅವರ ಬಾಯಲ್ಲಿ ಬಹುಕಾಲ ಆ ಪ್ರಾರ್ಥನೆಯೇ ಇರಲಿಲ್ಲ. ಅಲಿಬಾಗಿನ ಹತ್ತಿರ ನವಗಾಂವ್ ಕಡಲತೀರದಲ್ಲಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ಉಳಿದರು, ಪುಸ್ತಕಗಳೆಲ್ಲ ನೀರುಪಾಲಾದವು ಎಂಬುದು ಅವರ ಮೂಲಕಥೆ. ನೆನಪಿನಲ್ಲಿ ಉಳಿದದ್ದು ‘ಶೆಮಾ ಇಸ್ರಾಯೇಲ್’ ಎಂಬ ಒಂದು ಪ್ರಾರ್ಥನೆ, ಎಂಟನೆಯ ದಿನದ ಸುನ್ನತಿ, ಕೆಲವು ಉಪವಾಸಗಳು, ಶನಿವಾರದ ಬಿಡುವು. ಕೊಂಕಣದಲ್ಲಿ ಅವರು ಗಾಣ ಹಾಕಿದರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ‘ಶನಿವಾರ ತೇಲಿ’ ಎಂದು ಹೆಸರಾಯಿತು. ಶಿವನ ದಿನವೆಂದು ಸೋಮವಾರ ಗಾಣ ನಿಲ್ಲಿಸುವ ‘ಸೋಮವಾರ ತೇಲಿ’ಗಳು ಪಕ್ಕದಲ್ಲೇ ಇದ್ದರು. ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲ ಮೇಲೆ ನೊಗ ಇಡಬಾರದು ಎನ್ನುವ ನಮ್ಮ ಉತ್ತರ ಕರ್ನಾಟಕದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಂಕಣದವರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಒಂದೊಂದು ಜಾತಿಗೆ ಒಂದೊಂದು ವಾರ.

ಹಬ್ಬಗಳಿಗೂ ಅವರು ತಮ್ಮದೇ ಮರಾಠಿ ಹೆಸರು ಇಟ್ಟುಕೊಂಡಿದ್ದರು. ಹೊಸವರ್ಷ ‘ನವ್ಯಾಚಾ ಸಣ’. ಮನೆಯ ಬಾಗಿಲು ಹಾಕಿಕೊಂಡು, ಬಿಳಿ ಬಟ್ಟೆಯುಟ್ಟು ಉಪವಾಸ ಕೂರುವ ಯೋಮ್ ಕಿಪ್ಪೂರ್ ‘ದಾರಫಾಳ್ಣಿಚಾ ಸಣ’. ದೇವಾಲಯ ನಾಶವಾದ ದಿನದ ಶೋಕಕ್ಕೆ ಮೊಳಕೆ ಬರಿಸಿದ ಅವರೆಯ ಪಲ್ಯದ ಹೆಸರು, ‘ಬಿರಡ್ಯಾಚಾ ಸಣ’. ಹನುಕ್ಕಾ ಮಾತ್ರ ಅವರಿಗೆ ಗೊತ್ತೇ ಇರಲಿಲ್ಲ. ಆ ಹಬ್ಬ ಹುಟ್ಟುವ ಮೊದಲೇ ನಾವು ನಾಡು ಬಿಟ್ಟಿದ್ದೆವು ಎನ್ನುವುದಕ್ಕೆ ಇದೇ ಸಾಕ್ಷಿ ಎಂದು ಅವರ ಹಿರಿಯರು ವಾದಿಸುತ್ತಿದ್ದರು.

ಮುಂದೆ ದಾವೀದ್ ರಹಾಬಿ ಎಂಬವರು ಬಂದರಂತೆ. ಅವರ ಕಾಲದ ಬಗ್ಗೆ ಒಮ್ಮತವಿಲ್ಲ. ಇವರು ನಿಜವಾಗಿ ಯೆಹೂದಿಗಳೇ ಎಂದು ಪರೀಕ್ಷಿಸಲು ಅವರು ಶಾಸ್ತ್ರದ ಪ್ರಶ್ನೆ ಕೇಳಲಿಲ್ಲ. ಹೆಂಗಸರ ಮುಂದೆ ಬಗೆಬಗೆಯ ಮೀನು ಇಟ್ಟು ಅಡುಗೆ ಮಾಡಿ ಎಂದರು. ಹೆಂಗಸರು ರೆಕ್ಕೆ ಮತ್ತು ಹುರುಪೆ ಎರಡೂ ಇದ್ದ ಮೀನನ್ನು ಒಂದು ಕಡೆ ಇಟ್ಟು ಉಳಿದದ್ದನ್ನು ಮುಟ್ಟಲಿಲ್ಲ. ತೋರಾದ ನಿಯಮವೂ ಅದೇ: ಬಂಗುಡೆ ಆಗುತ್ತದೆ, ಸಿಗಡಿ, ಏಡಿ ಆಗುವುದಿಲ್ಲ. ಪುಸ್ತಕ ಮುಳುಗಿದರೂ ಶಾಸ್ತ್ರ ಅಡುಗೆಮನೆಯಲ್ಲಿ ಉಳಿದಿತ್ತು ಎಂದು ಈ ಕಥೆ ಹೇಳುತ್ತದೆ. ಇತಿಹಾಸವಾಗಿ ಇದು ಎಷ್ಟು ನಿಲ್ಲುತ್ತದೋ, ಒಂದು ಸಮುದಾಯ ತನ್ನ ಬಗ್ಗೆ ಏನನ್ನು ನಂಬಿತ್ತು ಎಂಬುದಕ್ಕೆ ಮಾತ್ರ ಒಳ್ಳೆಯ ದಾಖಲೆ. ರಹಾಬಿ ಮೂವರನ್ನು ಆರಿಸಿ ಕಲಿಸಿದರು. ಅವರ ವಂಶದವರು ಕಾಜಿಗಳೆನಿಸಿ ಮದುವೆ, ಜಗಳ, ಸುನ್ನತಿಗಳನ್ನು ನೋಡಿಕೊಂಡರು.

ಈ ಕಥೆಗೆ ಕನ್ನಡ ನಾಡಿನ ತುಂಡೂ ಒಂದಿದೆ. ಎರಡನೆಯ ಮೈಸೂರು ಯುದ್ಧದಲ್ಲಿ ಕಂಪನಿ ಸೈನ್ಯದ ಸಾಮ್ಯುಯೆಲ್ ದಿವೇಕರ್ ಟಿಪ್ಪುವಿಗೆ ಸೆರೆಸಿಕ್ಕರು. ನಿಮ್ಮ ಜಾತಿ ಯಾವುದೆಂದಾಗ ‘ಬೆನೆ ಇಸ್ರೇಲ್’ ಎಂದರಂತೆ. ಕುರಾನಿನಲ್ಲಿ ಬರುವ ಆ ಹೆಸರು ಕೇಳಿ ಟಿಪ್ಪುವಿನ ತಾಯಿ ಜೀವ ಉಳಿಸಿದರಂತೆ. ಬಿಡುಗಡೆಯಾದ ದಿವೇಕರ್ ಹರಕೆ ತೀರಿಸಲು 1796ರಲ್ಲಿ ಮುಂಬೈಯಲ್ಲಿ ಬೆನೆ ಇಸ್ರೇಲರ ಮೊದಲ ಸಿನಗಾಗ್ ಕಟ್ಟಿಸಿದರು. ಸಿನಗಾಗ್ ಕಟ್ಟಿದ್ದು ದಾಖಲೆಯ ಮಾತು, ತಾಯಿಯ ಕರುಣೆ ಕೇಳಿಬಂದ ಮಾತು.

ಕೊಚ್ಚಿಯಿಂದ ಬಂದ ಗುರುಗಳು ಹೀಬ್ರೂ ಕಲಿಸಿದರು, ಮಿಷನರಿಗಳ ಶಾಲೆಗಳೂ ಕಲಿಸಿದವು. ಸೈನ್ಯದ ಜೊತೆ ಪುಣೆಗೆ ಬಂದ ಬೆನೆ ಇಸ್ರೇಲರು 1874ರಲ್ಲಿ ಇದೇ ಊರಿನಲ್ಲಿ ಪಸ್ಕ ಹಬ್ಬದ ಕಥನವಾದ ಹಗ್ಗಾದಾವನ್ನು ಹೀಬ್ರೂ ಮತ್ತು ಮರಾಠಿಯಲ್ಲಿ ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು. ಸಿದ್ಧಪಡಿಸಿದವರು ಮೋಸೆಸ್ ಜೇಕಬ್ ತಳಕರ್ ಮತ್ತು ಆರನ್ ಡೇನಿಯಲ್ ತಳಕರ್. ಅದರ ಚಿತ್ರಗಳಲ್ಲಿ ಸೀರೆಯುಟ್ಟ ಹೆಂಗಸರು ನೆಲದ ಮೇಲೆ ಕೂತು ಹುಳಿಯಿಲ್ಲದ ರೊಟ್ಟಿ ಮಾಡುತ್ತಿದ್ದಾರೆ. ಯುರೋಪಿನ ಹಗ್ಗಾದಾಗಳ ಚಿತ್ರಗಳನ್ನು ಬಲ್ಲವರಿಗೆ ಇದು ಒಂದು ಕ್ಷಣ ನಗು ತರಿಸುತ್ತದೆ, ಆಮೇಲೆ ಸುಮ್ಮನಾಗಿಸುತ್ತದೆ. ಐಗುಪ್ತದ ದಾಸ್ಯ ಮುಗಿಸಿ ಹೊರಟ ಜನ ಪುಣೆಯ ಪೇಟೆಯವರ ಹಾಗೇ ಇದ್ದಾರೆ.

ದಿನದ ಸಂದೇಹಗಳಿಗೆ ಅವರು ಕಂಡುಕೊಂಡ ಉತ್ತರಗಳು ಎಷ್ಟೋ ಸಲ ಶಾಸ್ತ್ರಕ್ಕೆ ಸರಿಯಾಗಿಯೇ ಕೂತವು. ಮಾಂಸದ ಜೊತೆ ಹಾಲು, ತುಪ್ಪ ಕೂಡದು. ಕೊಂಕಣದವರಿಗೆ ಅದೇನು ಕಷ್ಟ? ತೆಂಗಿನ ಹಾಲಿದೆ. ಸಾರಿಗೂ ಅದೇ, ಹೊಸವರ್ಷದ ಹಲ್ವಾಕ್ಕೂ ಅದೇ. ಎಲೀಯ ಪ್ರವಾದಿಗೆ ಹರಕೆ ಹೊತ್ತು ಮಾಡುವ ‘ಮಲಿದಾ’ದಲ್ಲಿ ಅವಲಕ್ಕಿ, ಬೆಲ್ಲ, ಕಾಯಿತುರಿ, ಸುತ್ತ ಹಣ್ಣುಗಳು. ನೋಡಿದರೆ ಥೇಟ್ ನಮ್ಮ ನೈವೇದ್ಯದ ತಟ್ಟೆ. ಆದರೆ ಹಣ್ಣನ್ನು ಮುಟ್ಟುವ ಮೊದಲು ಮರದ ಹಣ್ಣಿಗೆ ಒಂದು ಮಂತ್ರ, ನೆಲದ ಬೆಳೆಗೆ ಇನ್ನೊಂದು. ಬಾಳೆಹಣ್ಣು ಯಾವುದರಲ್ಲಿ? ನೆಲದ ಬೆಳೆಯಲ್ಲಿ, ಯಾಕೆಂದರೆ ಗೊನೆ ಬಿಟ್ಟ ಮೇಲೆ ಬಾಳೆ ಸಾಯುತ್ತದೆ, ಮರದಂತೆ ನಿಂತು ಮತ್ತೆ ಫಲ ಕೊಡುವುದಿಲ್ಲ. ಬಾಳೆಗಿಡ ಎನ್ನಬೇಕೋ ಬಾಳೆಮರ ಎನ್ನಬೇಕೋ ಎಂದು ನಾವು ತಲೆಕೆಡಿಸಿಕೊಂಡಿಲ್ಲ, ಅವರು ತೀರ್ಮಾನಿಸಿಯಾಗಿದೆ. ಸುಕ್ಕೋತ್ ಹಬ್ಬಕ್ಕೆ ಬೇಕಾದ ಎತ್ರೋಗ್ ಎಂಬ ಹಣ್ಣು ನಮ್ಮ ಮಾದಳ, ಕೊಲ್ಲಾಪುರದ ಮಹಾಲಕ್ಷ್ಮಿಯ ಕೈಯಲ್ಲಿರುವ ಮಾತುಲಿಂಗ. ಶಾಸ್ತ್ರ ಕೇಳುವುದು ಇಷ್ಟೇ: ಕಸಿ ಮಾಡಿದ್ದಾಗಿರಬಾರದು.

ಬಾಗ್ದಾದಿಗಳಿಗೆ ಇದೆಲ್ಲ ಸಾಲಲಿಲ್ಲ. ಪ್ರಶ್ನೆ ಮೀನಿನದ್ದಾಗಿದ್ದರೆ ಮುಗಿಯುತ್ತಿತ್ತು. ಅವರು ಕೇಳಿದ್ದು ಮದುವೆಯ ಪ್ರಶ್ನೆ. ಯೆಹೂದಿ ಶಾಸ್ತ್ರದಲ್ಲಿ ಗಂಡ ‘ಗೇಟ್’ ಎಂಬ ವಿಚ್ಛೇದನ ಪತ್ರವನ್ನು ಸರಿಯಾದ ಕ್ರಮದಲ್ಲಿ ಬರೆಸಿ ಹೆಂಡತಿಯ ಕೈಗೆ ಕೊಡದಿದ್ದರೆ ಮದುವೆ ಮುರಿಯುವುದಿಲ್ಲ. ಅಂಥ ಹೆಣ್ಣು ಇನ್ನೊಬ್ಬನನ್ನು ಮದುವೆಯಾಗಿ ಮಗುವಾದರೆ ಆ ಮಗುವಿಗೆ ‘ಮಮ್ಜೇರ್’ ಎಂಬ ಕಳಂಕ, ಅದರ ಸಂತತಿಗೂ ಅದೇ ಕಳಂಕ. ಬೆನೆ ಇಸ್ರೇಲರಿಗೆ ಗೇಟ್ ಬರೆಯಲು ಬರುತ್ತಿರಲಿಲ್ಲ. ಹಾಗಾದರೆ ಶತಮಾನಗಳ ಹಿಂದೆ ಎಲ್ಲೋ ಒಂದು ಕಡೆ ತಪ್ಪಾಗಿದ್ದರೆ? ಅವರೊಡನೆ ಸಂಬಂಧ ಬೇಡ. 1830ರ ದಶಕದಲ್ಲೇ ಮುಂಬೈಯ ಬಾಗ್ದಾದಿಗಳು ಸ್ಮಶಾನದಲ್ಲಿ ಎರಡು ಗುಂಪಿನ ಗೋರಿಗಳ ನಡುವೆ ಗೋಡೆ ಕಟ್ಟಲು ಸರ್ಕಾರವನ್ನು ಕೇಳಿಕೊಂಡಿದ್ದರು. ಶಾಸ್ತ್ರದ ಭಯ ಎಷ್ಟಿತ್ತೋ, ಬಿಳಿಯರ ಸಾಲಿನಲ್ಲಿ ನಿಲ್ಲುವ ಆಸೆಯೂ ಅಷ್ಟೇ ಇತ್ತು ಎಂದು ನನ್ನ ಅನಿಸಿಕೆ. ಹಾಗೆಂದು ಬೆನೆ ಇಸ್ರೇಲರೂ ಹಿಂದೆ ಬಿದ್ದಿರಲಿಲ್ಲ. ಹೊರಗಿನವರೊಡನೆ ಬೆರೆತು ಹುಟ್ಟಿದವರನ್ನು ‘ಕಾಳಾ’ ಎಂದು ಕರೆದು, ತಾವು ‘ಗೋರಾ’ ಎಂದುಕೊಂಡು ದೂರ ಇಟ್ಟಿದ್ದರು. ಬಂದ ನೆಲದ ಪಾಠವನ್ನು ಎಲ್ಲರೂ ಕಲಿತಿದ್ದರು.

1948ರ ನಂತರ ಇಸ್ರೇಲಿಗೆ ವಲಸೆ ಹೋದಾಗ ಈ ಸಂದೇಹವೂ ಜೊತೆಗೆ ಹೋಯಿತು. ಅಲ್ಲಿ ಯೆಹೂದಿಗಳ ಮದುವೆ ರಬ್ಬಿಗಳ ಕೈಯಲ್ಲಿದೆ, ರಿಜಿಸ್ಟರ್ ಮದುವೆಯ ದಾರಿಯಿಲ್ಲ. ಮುಖ್ಯ ರಬ್ಬಿ ಇತ್ಸ್ಹಾಕ್ ನಿಸ್ಸಿಮ್ (ಹುಟ್ಟಿದ್ದು ಬಾಗ್ದಾದಿನಲ್ಲಿ) ಮತ್ತು ಅವರ ಮಂಡಳಿ ಬೆನೆ ಇಸ್ರೇಲರೊಡನೆ ಮದುವೆಗೆ ತಾತ್ವಿಕ ಅಡ್ಡಿಯಿಲ್ಲ ಎಂದಿತು. ಆದರೆ 1962ರಲ್ಲಿ ಹೊರಡಿಸಿದ ಸೂಚನೆಯಲ್ಲಿ, ಬೆನೆ ಇಸ್ರೇಲ್ ವರನೋ ವಧುವೋ ಬಂದರೆ ತಾಯಿ, ಅಜ್ಜಿ, ಅವರ ಹಿಂದೆ ಸಾಧ್ಯವಾದಷ್ಟು ತಲೆಮಾರು ವಿಚಾರಿಸಿ ಎಂದಿತು. ಪುಣೆಯ ಪೇಟೆಯಲ್ಲೋ ಪೇಣ್ ತಾಲ್ಲೂಕಿನ ಹಳ್ಳಿಯಲ್ಲೋ ಬದುಕಿ ಸತ್ತ ಅಜ್ಜಿಯ ಮದುವೆಗೆ ಜೆರುಸಲೇಮಿನ ಕಚೇರಿಯಲ್ಲಿ ಪುರಾವೆ ಎಲ್ಲಿಂದ ತರುವುದು?

ಇಲ್ಲಿ ಒಂದು ವಿಚಿತ್ರವಿದೆ. ಬೆನೆ ಇಸ್ರೇಲರು ಕೊಂಕಣದ ನೆರೆಹೊರೆಯಿಂದ ಕಲಿತದ್ದರಲ್ಲಿ ವಿಚ್ಛೇದನವನ್ನು ಹೀನವೆಂದು ನೋಡುವುದು, ವಿಧವೆಯ ಮರುಮದುವೆಯನ್ನು ಒಪ್ಪದಿರುವುದು ಸೇರಿತ್ತು. ಹೆಂಗಸರ ಪಾಲಿಗೆ ಅದು ಕ್ರೂರವೇ. ಆದರೆ ವಿಚ್ಛೇದನವೇ ಇಲ್ಲದ ಕಡೆ ತಪ್ಪು ವಿಚ್ಛೇದನ ಎಲ್ಲಿ ಬಂತು? ಯಾವ ಪದ್ಧತಿಯನ್ನು ‘ಹಿಂದೂ ಪ್ರಭಾವ’ ಎಂದು ಮೂಗು ಮುರಿದರೋ, ಅದೇ ಪದ್ಧತಿ ಅವರ ವಂಶಶುದ್ಧಿಗೆ ಬಲವಾದ ಸಾಕ್ಷಿಯಾಗಿತ್ತು.

ವಾದಕ್ಕಿಂತ ಬೀದಿ ಹೆಚ್ಚು ಕೆಲಸ ಮಾಡಿತು. 1964ರ ಬೇಸಗೆಯಲ್ಲಿ ಬೆನೆ ಇಸ್ರೇಲರು ಜೆರುಸಲೇಮಿನಲ್ಲಿ ಧರಣಿ ಕೂತರು. ಸತ್ಯಾಗ್ರಹ ಅವರು ಭಾರತದಿಂದ ಒಯ್ದ ವಿದ್ಯೆ. ಆ ವರ್ಷದ ಆಗಸ್ಟಿನಲ್ಲಿ ಇಸ್ರೇಲ್ ಸಂಸತ್ತು ಅವರು ಎಲ್ಲ ರೀತಿಯಲ್ಲೂ ಯೆಹೂದಿಗಳು ಎಂದು ಸಾರಿತು, ರಬ್ಬಿಗಳ ಮಂಡಳಿ ಸೂಚನೆಯಿಂದ ಬೆನೆ ಇಸ್ರೇಲರ ಹೆಸರನ್ನು ತೆಗೆಯಿತು.

ಪುಣೆಯಲ್ಲಿ ಉಳಿದವರು ಈಗ ನೂರರ ಲೆಕ್ಕದಲ್ಲಿದ್ದಾರೆ. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ಇಪ್ಪತ್ತೈದು ಸಾವಿರ ದಾಟಿದ್ದ ಯೆಹೂದಿಗಳು 2011ರ ಜನಗಣತಿಯಲ್ಲಿ ಐದು ಸಾವಿರವೂ ಇಲ್ಲ. ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಅವರಿಗೆ ಅಲ್ಪಸಂಖ್ಯಾತರ ಮಾನ್ಯತೆ ಕೊಟ್ಟಿತು. ಇಂದಿನ ಪ್ರಶ್ನೆ ಸರಳ: ಸಾಮೂಹಿಕ ಪ್ರಾರ್ಥನೆಗೆ ವಯಸ್ಕ ಗಂಡಸರು ಹತ್ತು ಜನ ಬೇಕು. ಒಂಬತ್ತು ಜನ ಬಂದರೆ ತೋರಾ ಸುರುಳಿಯನ್ನು ಹೊರತೆಗೆದು ಓದುವಂತಿಲ್ಲ. ಹತ್ತನೆಯವನು ಬಾಗ್ದಾದಿಯೋ ಬೆನೆ ಇಸ್ರೇಲನೋ ಎಂದು ಈಗ ಯಾರೂ ಕೇಳುವುದಿಲ್ಲ.

ಶುಕ್ರವಾರ ಸಂಜೆಯ ದ್ರಾಕ್ಷಾರಸದ ಪದ್ಧತಿ ಮಾತ್ರ ಹಾಗೇ ಇದೆ. ಶಾಸ್ತ್ರದ ಪ್ರಕಾರ ಅನ್ಯರು ಮಾಡಿದ ಮದ್ಯ ಆಗದು. ಕೊಂಕಣದಲ್ಲಿ ಯೆಹೂದಿ ಮದ್ಯ ಸಿಗದು. ಹಾಗಾಗಿ ಕಪ್ಪು ಒಣದ್ರಾಕ್ಷಿಯನ್ನು ನೀರಲ್ಲಿ ನೆನೆಹಾಕಿ, ಕಿವುಚಿ, ಬಟ್ಟೆಯಲ್ಲಿ ಸೋಸಿ ಶರಬತ್ತು ಮಾಡುತ್ತಾರೆ. ಒಣದ್ರಾಕ್ಷಿ ನೀರಿನ ಆರನೆಯ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ಅದನ್ನು ದ್ರಾಕ್ಷಾರಸವೆಂದೇ ಎಣಿಸಬಹುದು ಎಂದು ಶಾಸ್ತ್ರಗ್ರಂಥ ಹೇಳುತ್ತದೆ. ಮನೆಯ ಹೆಂಗಸರು ಅಳತೆ ನೋಡುವುದಿಲ್ಲ. ಒಂದು ಹಿಡಿ ಹೆಚ್ಚೇ ಹಾಕುತ್ತಾರೆ.