ಬಿಸಿಲೂರಿನ ತಂಪು ಡಬ್ಬಿ

ಹೈದರಾಬಾದಿನ ಔಷಧ ಕಂಪನಿಗಳಿಗೆ ದಾಸ್ತಾನು, ಸಾಗಣೆಯ ಸಲಹೆ ಕೊಡುವುದು ನನ್ನ ಕಸುಬು. ಊರು ರಾಯಚೂರು ಜಿಲ್ಲೆಯ ಮಾನ್ವಿ ಅಂದರೆ ಸಾಕು, ಆ ಬಿಸಿಲಿನಲ್ಲಿ ಔಷಧ ಕೆಡದೆ ಉಳಿದೀತೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕ್ಯಾನ್ಸರ್ ಔಷಧಗಳ ಮೂಲದ್ರವ್ಯ ತಯಾರಿಸುವ ಶಿಲ್ಪಾ ಮೆಡಿಕೇರ್ 1987ರಲ್ಲಿ ಹುಟ್ಟಿದ್ದೇ ರಾಯಚೂರಿನಲ್ಲಿ ಎಂದರೆ ಸುಮ್ಮನಾಗುತ್ತಾರೆ. ಆದರೆ ಲಸಿಕೆಯ ಮಾತು ಬಂದರೆ ನನಗೆ ಬಿಸಿಲಿಗಿಂತ ಐಸಿನ ಭಯವೇ ಹೆಚ್ಚು.

ಬಿಸಿಲಿನ ಭಯ ಹಳೆಯದು, ಸುಳ್ಳೂ ಅಲ್ಲ. ಸಿಡುಬಿನ ದ್ರವ ಲಸಿಕೆ ಬೇಸಿಗೆಯಲ್ಲಿ ಬೇಗ ಸತ್ವ ಕಳೆದುಕೊಳ್ಳುತ್ತಿತ್ತು. ಶಾಖ ತಡೆಯುವ ಪುಡಿ ಲಸಿಕೆ ಬಂದ ಮೇಲೆ ಹಳ್ಳಿಹಳ್ಳಿಗೆ ದೇವಿ ಹಾಕುವ ಕೆಲಸ ಗಟ್ಟಿಯಾಯಿತು. 1975ರಲ್ಲಿ ದೇಶದ ಕೊನೆಯ ಸಿಡುಬು ಕಂಡಿತು. 1978ರಲ್ಲಿ ದೇಶದಲ್ಲಿ ಶುರುವಾದ ಲಸಿಕಾ ಕಾರ್ಯಕ್ರಮ 1985ರಲ್ಲಿ ಸಾರ್ವತ್ರಿಕವಾಗಿ, 1990ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಹಬ್ಬಿತು. ಪೋಲಿಯೊ, ದಡಾರದ ಲಸಿಕೆಗಳಿಗೆ ಬಿಸಿಲು ಆಗದು. ಹೀಗಾಗಿ ಐಸ್ ಎಷ್ಟಿದ್ದರೂ ಒಳ್ಳೆಯದೇ ಎಂಬ ನಂಬಿಕೆ ಬೇರೂರಿತು.

ಅದೇ 1985ರಲ್ಲಿ ನಮ್ಮ ಜಿಲ್ಲೆಯ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕವೂ ಶುರುವಾಯಿತು. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ನಮ್ಮ ಹಳ್ಳಿಗಳ ಕರೆಂಟಿನ ಕಥೆ ಅದೇ. ಲಸಿಕೆಯನ್ನು ಕಾಪಾಡಿದ್ದು ಐಎಲ್‌ಆರ್ ಎಂಬ ಶೀತಲ ಪೆಟ್ಟಿಗೆ. ಗೋಡೆಯೊಳಗೇ ಐಸ್ ಕಟ್ಟಿಕೊಳ್ಳುವ ಅದಕ್ಕೆ ದಿನಕ್ಕೆ ಎಂಟು ತಾಸು ಕರೆಂಟು ಸಾಕು.

ಆದರೆ ಡಿಪಿಟಿ, ಧನುರ್ವಾಯು, ಹೆಪಟೈಟಿಸ್ ಬಿ ಲಸಿಕೆಗಳ ಜಾತಿಯೇ ಬೇರೆ. ಅವುಗಳಲ್ಲಿ ಅಲ್ಯೂಮಿನಿಯಂ ಲವಣವಿದೆ. ಒಮ್ಮೆ ಹೆಪ್ಪುಗಟ್ಟಿದರೆ ಅದು ಗಂಟುಗಂಟಾಗುತ್ತದೆ. ಮತ್ತೆ ಕರಗಿಸಿದರೂ ಲಸಿಕೆ ಕೆಟ್ಟದ್ದೇ. ಫ್ರೀಜರಿನಿಂದ ಆಗಷ್ಟೇ ತೆಗೆದ ಐಸ್ ಪ್ಯಾಕಿಗೆ ತಾಗಿಸಿಟ್ಟರೆ, ಹೊರಗೆ ನಲವತ್ತೆರಡು ಡಿಗ್ರಿ ಸುಡುತ್ತಿದ್ದರೂ ಲಸಿಕೆ ಒಯ್ಯುವ ಡಬ್ಬಿಯೊಳಗೆ ಬಾಟಲಿ ಹೆಪ್ಪುಗಟ್ಟಬಹುದು.

ಇದನ್ನು ನಾನು ಕಲಿತದ್ದು ಯಾವ ಎಂಬಿಎ ತರಗತಿಯಲ್ಲೂ ಅಲ್ಲ, ದೇವದುರ್ಗ ತಾಲ್ಲೂಕಿನ ಒಬ್ಬ ಸಿಸ್ಟರಿಂದ. ಐಸ್ ಪ್ಯಾಕುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಕಾಯುತ್ತಿದ್ದರು. "ಕಿವಿ ಹತ್ರ ಹಿಡದು ಅಳ್ಳಾಡಸ್ರಿ ಸರ್. ಒಳಗ ನೀರು ಗುಳುಗುಳು ಅಂತಂದ್ರ ಡಬ್ಬಿಗೆ ಹಾಕೂದು. ಅಲ್ಲೀಮಟ ಕುಂದರ್ರಿ, ಚಾ ಕುಡೀರಿ." ಅಂದು ಡಬ್ಬಿ ಒಯ್ಯಲು ಎಷ್ಟೋ ಬೈಕುಗಳು ಹೊರಗೆ ಕಾದು ನಿಂತಿದ್ದವು, ಆಕೆ ಮಾತ್ರ ಅವಸರ ಮಾಡಲಿಲ್ಲ.

1996ರಲ್ಲಿ ಪೋಲಿಯೊ ಬಾಟಲಿಯ ಮೇಲೆ ಬಣ್ಣ ಬದಲಿಸುವ ಪುಟ್ಟ ಚೌಕ ಬಂತು. ಅದು ಶಾಖದ ಲೆಕ್ಕವನ್ನಷ್ಟೇ ಹೇಳುತ್ತದೆ. ಹೆಪ್ಪುಗಟ್ಟಿ ಕರಗಿದ ಲಸಿಕೆಯ ಮೇಲೂ ಅಂಥ ಚೌಕ ಏನೂ ಆಗಿಲ್ಲವೆಂಬಂತೆ ಬೆಳ್ಳಗೆ ಕೂತಿರಬಲ್ಲದು. ಅನುಮಾನ ಬಂದರೆ ಬಾಟಲಿ ಕುಲುಕಿ, ಗಸಿ ಎಷ್ಟು ಬೇಗ ತಳ ಸೇರುತ್ತದೆಂದು ನೋಡಬೇಕು.

ಈಗ ಐಎಲ್‌ಆರ್ ಒಳಗಿಡುವ ತಾಪಮಾಪಕಗಳು ಮೂವತ್ತು ದಿನದ ದಾಖಲೆ ಇಡುತ್ತವೆ. ಎಂಟು ಡಿಗ್ರಿ ದಾಟಿ ಹತ್ತು ತಾಸು ಕಳೆದರೆ ಎಚ್ಚರಿಕೆ. ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗಿಳಿದರೆ ಒಂದೇ ತಾಸಿಗೆ. ಕಂಪನಿಯವರು ಏಸಿ ಟ್ರಕ್ಕಿನ ಬಜೆಟ್ ಮುಂದಿಟ್ಟಾಗ ನಾನು ಮೊದಲು ಕೇಳುವುದು ಈ ಎರಡನೆಯ ಎಚ್ಚರಿಕೆ ಯಾರ ಫೋನಿಗೆ ಹೋಗುತ್ತದೆ ಎಂದು.