ಸಾಲೋಟಗಿಯ 27 ಮನೆಗಳು

ಪಿಎಚ್‌ಡಿಗೆ ಸೇರಿದ ಮೊದಲ ವರ್ಷ ನಾನು ಜರ್ಮನ್ ತರಗತಿಗೂ ಸೇರಿದೆ. ನನ್ನ ವಿಷಯದ ಹಳೆಯ ಲೇಖನಗಳಲ್ಲಿ ಹಲವು ಜರ್ಮನ್ ಭಾಷೆಯಲ್ಲಿದ್ದವು. ಜೊತೆಗೆ ಸಿಂದಗಿಯ ಗೆಳತಿಯೊಬ್ಬಳಿದ್ದಳು. ಉಚ್ಚಾರ, ವ್ಯಾಕರಣ ಎರಡರಲ್ಲೂ ನನಗಿಂತ ಮುಂದೆ. ಆದರೆ ಅವಳಿಗೆ ಹಾಸ್ಟೆಲ್ ಸಿಗಲಿಲ್ಲ. ಬಾಡಿಗೆ ಕೋಣೆಯ ಖರ್ಚನ್ನು ಮನೆಯವರು ಎರಡು ತಿಂಗಳು ತಡೆದುಕೊಂಡರು, ಮೂರನೆಯ ತಿಂಗಳು ಅವಳು ಊರಿಗೆ ಮರಳಿದಳು. ಅದೇ ದಿನಗಳಲ್ಲಿ ನಾನು ಸಾಲೋಟಗಿಯ ಶಾಸನವನ್ನು ಓದುತ್ತಿದ್ದೆ.

ಇಂಡಿ ತಾಲ್ಲೂಕಿನವನಾದ ನನಗೆ ಸಾಲೋಟಗಿ ಹೊಸ ಊರಲ್ಲ. ಬಸ್ಸಿನ ಬೋರ್ಡಿನಲ್ಲಿ ಎಷ್ಟೋ ಸಲ ಕಂಡ ಹೆಸರು. ಆ ಹೆಸರಿನೊಳಗೇ ಒಂದು ಶಾಲೆ ಅಡಗಿದೆ ಎಂಬುದು ಗೊತ್ತಾಗಿದ್ದು ಮಾತ್ರ ತಡವಾಗಿ. ಊರಿನ ಹಳೆಯ ಹೆಸರು ಪಾವಿಟ್ಟಗೆ. ಶಾಲೆ ಬಂದ ಮೇಲೆ ಅದು ಶಾಲಾಪಾವಿಟ್ಟಗೆಯಾಗಿ, ಸವೆದು ಸವೆದು ಸಾಲೋಟಗಿಯಾಯಿತು.

ಕ್ರಿ.ಶ. 945ರ ಈ ಸಂಸ್ಕೃತ ಶಾಸನ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣ ಇಲ್ಲಿ ಶಾಲೆ ಕಟ್ಟಿಸಿದ. ಈ ನಾರಾಯಣ ಸಂಧಿವಿಗ್ರಹಿ, ಅಂದರೆ ಯುದ್ಧ ಮತ್ತು ಸಂಧಾನದ ವ್ಯವಹಾರ ನೋಡಿಕೊಳ್ಳುವವನು. ಇಂದಿನ ಮಾತಿನಲ್ಲಿ ವಿದೇಶಾಂಗ ಮಂತ್ರಿ. ಆ ಕಾಲದಲ್ಲಿ ಒಂದು ಆಸ್ಥಾನ ಇನ್ನೊಂದರೊಡನೆ ವ್ಯವಹರಿಸಲು ಸಂಸ್ಕೃತ ಬೇಕಿತ್ತು. ಅದು ಯಾರ ಮನೆಮಾತೂ ಅಲ್ಲದ, ಕಲಿತೇ ಪಡೆಯಬೇಕಾದ ಭಾಷೆ. ಕಲಿತವನಿಗೆ ಹಲವು ರಾಜ್ಯಗಳ ಬಾಗಿಲು ತೆರೆಯುತ್ತಿತ್ತು. ಶಾಲೆಯ ಬೆಲೆ ಇಂಥ ಮಂತ್ರಿಗೆ ಚೆನ್ನಾಗಿಯೇ ತಿಳಿದಿರಬೇಕು.

ಬೇರೆ ಬೇರೆ ಜನಪದಗಳಲ್ಲಿ ಹುಟ್ಟಿದ ವಿದ್ಯಾರ್ಥಿಗಳು ಇಲ್ಲಿದ್ದರು ಎನ್ನುತ್ತದೆ ಶಾಸನ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಲೆಕ್ಕ. ವಿದ್ಯಾರ್ಥಿಗಳ ವಾಸಕ್ಕೆ 27 ಮನೆ. ಅವರ ಪೋಷಣೆಗೆ 500 ನಿವರ್ತನ ಭೂಮಿ. ದೀಪದ ಎಣ್ಣೆಗೆ 12 ನಿವರ್ತನ, ಅಧ್ಯಾಪಕನಿಗೆ 50. ಮದುವೆಯಾದರೆ ಶಾಲೆಗೆ 5 ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು. ಊರಲ್ಲಿ ಔತಣವಾದರೆ ವಿದ್ಯಾರ್ಥಿಗಳಿಗೂ ಊಟ. ರಾತ್ರಿ ಓದುವ ಹುಡುಗನಿಗೆ ಎಣ್ಣೆ ಬೇಕು ಎಂಬುದನ್ನೂ ಯೋಚಿಸಿ ಕಲ್ಲಿನ ಮೇಲೆ ಬರೆಸಿದ್ದಾರೆ!

ಹೆಮ್ಮೆಪಡುವ ಮುನ್ನ ಇನ್ನೊಂದು ಮಾತು ಹೇಳಬೇಕು. ಅದು ಬ್ರಾಹ್ಮಣ ವಿದ್ಯಾರ್ಥಿಗಳ ಶಾಲೆ. ಆ ಭೂಮಿಯಲ್ಲಿ ಉತ್ತವರ ಮಕ್ಕಳಿಗೆ 27 ಮನೆಗಳಲ್ಲಿ ಒಂದೂ ಇರಲಿಲ್ಲ. ಎರಡು ಶತಮಾನದ ನಂತರ ಪಕ್ಕದ ಬಾಗೇವಾಡಿಯ ಬಸವಣ್ಣ ಸಂಸ್ಕೃತವನ್ನು ಬಿಟ್ಟು ಆಡುವ ಕನ್ನಡದಲ್ಲಿ ವಚನ ನುಡಿದದ್ದಕ್ಕೆ ಕಾರಣಗಳಿದ್ದವು.

ಈ ಶಾಸನವನ್ನು 'ಎಪಿಗ್ರಾಫಿಯಾ ಇಂಡಿಕಾ'ದ ನಾಲ್ಕನೆಯ ಸಂಪುಟದಲ್ಲಿ ಸಂಪಾದಿಸಿದವರಲ್ಲಿ ಫ್ರಾನ್ಜ್ ಕೀಲ್ಹಾರ್ನ್ ಒಬ್ಬರು. 1840ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಅವರಿಗೆ ಸಂಸ್ಕೃತ ಪರಭಾಷೆ. ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಅದನ್ನು ಕಲಿತು, ಆಕ್ಸ್‌ಫರ್ಡ್‌ನಲ್ಲಿ ಮೋನಿಯರ್ ವಿಲಿಯಮ್ಸ್ ಅವರ ನಿಘಂಟಿನ ಕೆಲಸಕ್ಕೆ ನೆರವಾದರು. 1866ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದರು. ಕಲಿಸಲು ಬಂದವರು ಇಲ್ಲಿಯ ಶಾಸ್ತ್ರಿಗಳ ಬಳಿ ಕುಳಿತು ವ್ಯಾಕರಣ ಕಲಿತರು. ಪತಂಜಲಿಯ ಮಹಾಭಾಷ್ಯವನ್ನು ಸಂಪಾದಿಸಿದರು. ಊರಿಗೆ ಮರಳಿ ಗಟ್ಟಿಂಗೆನ್‌ನಲ್ಲಿ ಪ್ರಾಧ್ಯಾಪಕರಾದ ಮೇಲೂ ಭಾರತದ ಶಾಸನಗಳೇ ಅವರ ಕೆಲಸವಾದವು. ನಾನು ಓದಲೆಂದು ಅವರ ಭಾಷೆ ಕಲಿಯಲು ಹೊರಟೆ. ನನ್ನೂರಿನ ಕಲ್ಲನ್ನು ಓದಲು ಅವರು ಅದಕ್ಕೂ ಮೊದಲೇ ಈ ಕಡೆಯ ಭಾಷೆ ಕಲಿತಿದ್ದರು.

ಕೀಲ್ಹಾರ್ನ್ ಬುದ್ಧಿವಂತರು, ಅನುಮಾನವಿಲ್ಲ. ಆದರೆ ಅವರ ಬುದ್ಧಿಯ ಬೆನ್ನಿಗೆ ಹುದ್ದೆ, ಸಂಬಳ, ಗ್ರಂಥಾಲಯ, ಹೇಳಿಕೊಡುವ ಪಂಡಿತರು ಇದ್ದರು. ಸಾಲೋಟಗಿಯ ವಿದ್ಯಾರ್ಥಿಯ ಬೆನ್ನಿಗೆ ಮನೆ, ಅನ್ನ, ಎಣ್ಣೆ ಇದ್ದವು. ಪರಭಾಷೆ ಕಲಿತು ದೂರ ಹೋದವರ ಕತೆಗಳನ್ನು ನಾವು ಪ್ರತಿಭೆಯ ಕತೆಗಳಾಗಿ ಹೇಳುತ್ತೇವೆ. ಉಳಿದುಕೊಳ್ಳಲು ಜಾಗ ಕೊಟ್ಟವರ ಹೆಸರು ಅಲ್ಲಿ ಬರುವುದಿಲ್ಲ. ಹತ್ತನೆಯ ಶತಮಾನದ ಆ ಕಲ್ಲು ಅದನ್ನೇ ಮೊದಲು ಬರೆದಿದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹುಡುಗ ಹುಡುಗಿಯರಿಗೆ ಜರ್ಮನ್ ಇರಲಿ, ಫ್ರೆಂಚ್ ಇರಲಿ, ಮೊದಲ ವಿದೇಶ ಅವರ ಪಾಲಿಗೆ ಧಾರವಾಡವೋ ಪುಣೆಯೋ ಬೆಂಗಳೂರೋ ಆಗಿರುತ್ತದೆ. ಅಲ್ಲಿ ಒಂದು ಮಂಚ ಸಿಕ್ಕರೆ ಮುಂದಿನ ದಾರಿ.

ನನ್ನ ಗೆಳತಿ ಈಗ ಊರಿನಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಾಳೆ. ಕಳೆದ ಸಲ ಸಿಕ್ಕಾಗ ಶಾಸನದ ಲೆಕ್ಕ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಇಪ್ಪತ್ತೆಂಟನೇ ಮನಿ ಇದ್ದಿದ್ರ ಛಲೋ ಇತ್ತು" ಅಂದಳು. ಆಮೇಲೆ ನನ್ನ ಟಿಪ್ಪಣಿ ಪುಸ್ತಕ ತಿರುವಿ, ನಾನು ಬರೆದಿದ್ದ ಜರ್ಮನ್ ವಾಕ್ಯವೊಂದರ ತಪ್ಪನ್ನು ತಿದ್ದಿದಳು.