ಬೆಳಗೊಳದ ಬೆಟ್ಟಗಳು ಮತ್ತು ಬುಕ್ಕರಾಯನ ತೀರ್ಪು

ಹೊಳೆನರಸೀಪುರ ತಾಲೂಕಿನ ಹರದನಹಳ್ಳಿ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಹುಟ್ಟೂರೆಂದು ನಾಡಿಗೆಲ್ಲ ಗೊತ್ತು. ಒಂದು ಮುಂಜಾನೆ ಆ ಊರಿನಿಂದ ನಾವು ಹನ್ನೊಂದು ಮಂದಿ ಹೊರಟು, ಚನ್ನರಾಯಪಟ್ಟಣ ಹಾದು ಶ್ರವಣಬೆಳಗೊಳ ತಲುಪಿದೆವು. ತಂಡದಲ್ಲಿ ಶಿಕ್ಷಕರಿದ್ದರು, ರೈತರಿದ್ದರು, ಕಾಲೇಜು ಹುಡುಗರಿದ್ದರು. ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಜೈನರು ಮಾತ್ರ ಒಬ್ಬರೂ ಇರಲಿಲ್ಲ. ನಮ್ಮದು ಯಾತ್ರೆಯಲ್ಲ, ಪಕ್ಕದ ತಾಲೂಕಿನ ಚರಿತ್ರೆಯನ್ನು ಕಣ್ಣಾರೆ ನೋಡುವ ಆಸೆ.

ಊರಿನ ಎರಡೂ ಬದಿಗೆ ಬೆಟ್ಟ, ನಡುವೆ ಕೊಳ. ಚಪ್ಪಲಿ ಕೆಳಗೆ ಬಿಟ್ಟು ಮೊದಲು ಚಿಕ್ಕಬೆಟ್ಟ ಹತ್ತಿದೆವು. ಚಂದ್ರಗಿರಿ ಎಂಬ ಹೆಸರಿನ ಈ ಬೆಟ್ಟವನ್ನು ಹಳೆಯ ಶಾಸನಗಳು ಕಟವಪ್ರ, ಕಳ್ಬಪ್ಪು ಎಂದು ಕರೆಯುತ್ತವೆ. ಹೆಚ್ಚಿನ ಪ್ರವಾಸಿಗರು ಎದುರಿನ ದೊಡ್ಡಬೆಟ್ಟ ನೋಡಿ ಹಿಂತಿರುಗುತ್ತಾರೆ. ಆದರೆ ಈ ಊರಿನ ಚರಿತ್ರೆ ಆರಂಭವಾಗುವುದು ಚಿಕ್ಕಬೆಟ್ಟದಲ್ಲಿ.

ಇಲ್ಲಿ ಬಂಡೆಯ ಮೈಯೇ ಪುಸ್ತಕ. ಸುಮಾರು ಕ್ರಿ.ಶ. 600ರ ಶಾಸನವೊಂದು, ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಬರಗಾಲ ಬರುವುದೆಂದು ಭದ್ರಬಾಹು ಮುನಿಗಳು ಮೊದಲೇ ತಿಳಿದು ಹೇಳಿದ್ದನ್ನೂ ಜೈನ ಸಂಘವು ದಕ್ಷಿಣಕ್ಕೆ ನಡೆದು ಬಂದದ್ದನ್ನೂ ಹೇಳುತ್ತದೆ. ಮೌರ್ಯ ಚಂದ್ರಗುಪ್ತನೂ ಸನ್ಯಾಸಿಯಾಗಿ ಇಲ್ಲಿಗೇ ಬಂದನೆಂಬುದು ಜೈನ ಪರಂಪರೆಯ ನಂಬಿಕೆ. ವಿದ್ವಾಂಸರಲ್ಲಿ ಈ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಸುತ್ತಮುತ್ತ ಏಳು, ಎಂಟನೇ ಶತಮಾನಗಳ ಚಿಕ್ಕ ಚಿಕ್ಕ ಬರಹಗಳು. ಉಪವಾಸ ವ್ರತ ಹಿಡಿದು ದೇಹ ಬಿಟ್ಟ ಮುನಿಗಳ ಹೆಸರು ಅವುಗಳಲ್ಲಿವೆ, ಸನ್ಯಾಸಿನಿಯರ ಹೆಸರೂ ಇವೆ. ಕ್ರಿ.ಶ. 974ರಲ್ಲಿ ತೀರಿಕೊಂಡ ಗಂಗ ದೊರೆ ಮಾರಸಿಂಹನ ಸ್ಮರಣೆಯ ಕಂಬವೂ ಇಲ್ಲಿದೆ. ಮೊಣಕಾಲಿನ ಕೆಳಗೆ ಭಾಗವಿಲ್ಲದ ಭರತನ ಶಿಲ್ಪವೂ ಇದೆ. ಬಿಸಿಲು, ಮಳೆ, ಕಾಲ್ತುಳಿತ ಸೇರಿ ಎಷ್ಟೋ ಅಕ್ಷರಗಳು ಸವೆದಿವೆ. ತಾವು ನಿಂತದ್ದು ಒಬ್ಬರ ಹೆಸರಿನ ಹತ್ತಿರವೆಂದು ತಿಳಿದಾಗ ಹುಡುಗರು ತಾವಾಗಿಯೇ ಪಕ್ಕಕ್ಕೆ ಸರಿದರು.

ಬಳಿಕ ದೊಡ್ಡಬೆಟ್ಟ. ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳು. ಏರು ಕಡಿದು. ಅರ್ಧ ದಾರಿಗೆ ಮಾತು ನಿಂತಿತು, ಉಸಿರಾಟ ಮಾತ್ರ ಕೇಳುತ್ತಿತ್ತು. ನಮ್ಮಲ್ಲಿ ಹಿರಿಯರೊಬ್ಬರು ಕುಳಿತಾಗಲೆಲ್ಲ ತಂಡವೂ ಕುಳಿತಿತು. ಮೇಲೆ, ಗಂಗರ ಮಂತ್ರಿ ಚಾವುಂಡರಾಯ ಸುಮಾರು ಕ್ರಿ.ಶ. 981ರಲ್ಲಿ ಮಾಡಿಸಿದ, 58 ಅಡಿಯಷ್ಟು ಎತ್ತರದ ಗೊಮ್ಮಟ. ಅವನ ಪಾದದ ಬಳಿ ಕನ್ನಡ, ತಮಿಳು, ಮರಾಠಿ ಮೂರೂ ಭಾಷೆಗಳ ಬರಹಗಳಿವೆ. ಬರುವ ಯಾತ್ರಿಕರೆಲ್ಲರಿಗೂ ತಿಳಿಯಲಿ ಎಂಬ ಉದ್ದೇಶ ಅಲ್ಲಿ ಸ್ಪಷ್ಟ.

ಆದರೆ ಆ ದಿನ ನಮ್ಮನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ ಕಲ್ಲು ಎರಡೂ ಬೆಟ್ಟಗಳ ಮೇಲಿರಲಿಲ್ಲ. ಕೆಳಗೆ ಊರಲ್ಲಿ, ಭಂಡಾರಿ ಬಸದಿಯಲ್ಲಿತ್ತು. ಹೊಯ್ಸಳ ಒಂದನೇ ನರಸಿಂಹನ ಭಂಡಾರಿ ಹುಳ್ಳ 1159ರಲ್ಲಿ ಕಟ್ಟಿಸಿದ ಬಸದಿ ಇದು. ಅಲ್ಲಿರುವ 1368ರ ಶಾಸನ ವಿಜಯನಗರದ ಬುಕ್ಕರಾಯನ ಕಾಲದ್ದು.

ಸಂದರ್ಭ ಇಷ್ಟು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವಾಯಿತು. ತಮಗೆ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಪೆನುಗೊಂಡೆ ಮೊದಲಾದ ಕಡೆಯ ಜೈನರು ಅರಸನಲ್ಲಿ ದೂರು ಕೊಟ್ಟರು. ಬುಕ್ಕರಾಯ ಶ್ರೀವೈಷ್ಣವ ಆಚಾರ್ಯರನ್ನೂ ಹದಿನೆಂಟು ನಾಡುಗಳ ಪ್ರಮುಖರನ್ನೂ ಕರೆಸಿದ. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿದ. ಹಿಂದಿನಂತೆ ಪಂಚಮಹಾವಾದ್ಯ ಮತ್ತು ಕಳಶದ ಹಕ್ಕು ಜೈನರಿಗೆ ಉಳಿಯಿತು. ಜೈನರಿಗಾದ ಹಾನಿಯನ್ನು ವೈಷ್ಣವರು ತಮ್ಮದೇ ಹಾನಿಯೆಂದು ತಿಳಿಯಬೇಕು ಎಂದಾಯಿತು.

ಇಷ್ಟಕ್ಕೇ ನಿಂತಿದ್ದರೆ ಅದು ಬರೀ ಒಳ್ಳೆಯ ಮಾತಾಗುತ್ತಿತ್ತು. ಶಾಸನ ಮುಂದೆ ಹೋಗಿ ವ್ಯವಸ್ಥೆಯನ್ನೇ ಬರೆಯುತ್ತದೆ. ರಾಜ್ಯದ ಜೈನರಿಂದ ಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ತಿರುಮಲೆಯ ತಾತಯ್ಯ ಆ ಹಣದಿಂದ ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು. ಉಳಿದ ಹಣದಲ್ಲಿ ಶಿಥಿಲವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಇದನ್ನು ಮೀರಿದವರು ರಾಜದ್ರೋಹಿಗಳು, ಸಂಘದ್ರೋಹಿಗಳು.

ತಂಡದ ಕಾಲೇಜು ಹುಡುಗನೊಬ್ಬ ಕೇಳಿದ: "ದೂರು ಕೊಟ್ಟವರೇ ಕಾವಲಿಗೆ ದುಡ್ಡು ಕೊಡಬೇಕಾಯಿತಲ್ಲ, ಇದೆಂಥ ನ್ಯಾಯ?" ಪ್ರಶ್ನೆ ಸರಿಯಾಗಿಯೇ ಇತ್ತು. ಇದನ್ನು ಇಂದಿನ ಸಮಾನತೆಯ ಹಕ್ಕಿನೊಂದಿಗೆ ಹೋಲಿಸಲಾಗದು. ರಕ್ಷಣೆಗೆ ಬೆಲೆ ಕೊಟ್ಟವರು ದುರ್ಬಲರೇ. ಈ ಮಿತಿಯನ್ನು ಮುಚ್ಚಿಟ್ಟು ಚರಿತ್ರೆಯನ್ನು ಹೊಗಳಿದರೆ ಅದು ಚರಿತ್ರೆಗೂ ಅನ್ಯಾಯ, ನಮಗೂ ನಷ್ಟ. ಆದರೂ ತೀರ್ಪಿನ ಒಂದು ಅಂಶವನ್ನು ಮರೆಯುವಂತಿಲ್ಲ. ಯಾರ ಮೇಲೆ ದೂರಿತ್ತೋ ಅವರ ಹೆಗಲಿಗೇ ಕಾವಲಿನ ಹೊಣೆ ಬಿತ್ತು. ಇನ್ನೊಬ್ಬರ ಬಸದಿಯ ಗೋಡೆ ಕುಸಿದರೆ ಉತ್ತರ ಕೊಡಬೇಕಾದವರು ಇವರಾದರು. ಸೌಹಾರ್ದ ಎಂಬುದು ಇಲ್ಲಿ ಭಾವನೆಯಾಗಿ ಉಳಿಯದೆ ಲೆಕ್ಕವಿರುವ, ಆಳುಗಳಿರುವ, ತಪ್ಪಿದರೆ ಶಿಕ್ಷೆಯಿರುವ ಕೆಲಸವಾಯಿತು.

ಕಲ್ಲಿನಲ್ಲಿ ಬರೆದದ್ದೆಲ್ಲ ತಾನಾಗಿಯೇ ನಡೆಯುವುದಿಲ್ಲ. ಅದೇ ಶಾಸನಕ್ಕೆ ಸೇರಿಸಿದ ಭಾಗ ಇದಕ್ಕೆ ಸಾಕ್ಷಿ. ಕಲ್ಲೆಹದ ಬುಸುವಿಸೆಟ್ಟಿ ಬುಕ್ಕರಾಯನಲ್ಲಿ ಬಿನ್ನವಿಸಿ, ತಾತಯ್ಯನನ್ನು ಕರೆಸಿ ಈ ಧರ್ಮವನ್ನು ಮತ್ತೆ ನೆಲೆಗೊಳಿಸಿದ. ಅದಕ್ಕಾಗಿ ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪಟ್ಟ ಕೊಟ್ಟರು. ಒಪ್ಪಂದ ಮಾಡಲು ಅರಸ ಬೇಕಾಯಿತು, ಅದನ್ನು ಉಳಿಸಲು ಬಿಡದೆ ಬೆನ್ನು ಹತ್ತುವ ಒಬ್ಬ ಸಾಮಾನ್ಯ ಸೆಟ್ಟಿ ಬೇಕಾದ.

ಈ ಊರಿನ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ವಿಸ್ತರಿಸಿ ಹೊರತಂದರು. ಒಬ್ಬರು ಕ್ರೈಸ್ತರು, ಮತ್ತೊಬ್ಬರು ಶ್ರೀವೈಷ್ಣವರು. ಜೈನರ ಕಲ್ಲುಗಳನ್ನು ನಾವು ಇಂದು ಓದುವಂತಾದುದರಲ್ಲಿ ಇವರ ದುಡಿಮೆಯ ಪಾಲು ದೊಡ್ಡದು.

ಸಂಜೆ ಹರದನಹಳ್ಳಿಗೆ ಮರಳುವಾಗ ಮಾತೆಲ್ಲ ನಮ್ಮ ಊರುಗಳ ಕಡೆ ತಿರುಗಿತ್ತು. ಪಾಳುಬಿದ್ದ ಗುಡಿ, ಹುಲ್ಲು ಬೆಳೆದ ಖಬರಸ್ತಾನ, ಬಸದಿಯ ಒಡೆದ ಕಲ್ಲು ಎಲ್ಲೆಲ್ಲಿವೆಯೆಂದು ಒಬ್ಬೊಬ್ಬರೂ ನೆನಪಿಸಿಕೊಂಡರು. ನಮ್ಮದನ್ನು ನಾವು ಕಾಯುವುದು ಸಹಜ, ಅದರಲ್ಲಿ ಹೆಚ್ಚುಗಾರಿಕೆಯಿಲ್ಲ. ನಮ್ಮ ಊರಿನಲ್ಲಿರುವ ಇನ್ನೊಬ್ಬರದ್ದಕ್ಕೆ ಸುಣ್ಣ ಬಳಿಸುವ ಹೊಣೆ ಯಾರದು? ಆರೂವರೆ ಶತಮಾನದ ಹಿಂದೆ ಒಂದು ಕಲ್ಲು ಇದಕ್ಕೆ ಉತ್ತರ ಬರೆದಿಟ್ಟಿದೆ. ಅದನ್ನು ನಡೆಸುವುದು ಮಾತ್ರ ನಮ್ಮ ಪಾಲಿಗೆ ಉಳಿದಿದೆ.